ಭಿನ್ನಭಾಷಾ ಸಮರೂಪ ಪದಗಳು

ಭಿನ್ನಭಾಷಾ ಸಮರೂಪ ಪದಗಳು ಎಂದರೆ, ಒಂದೇ ಮೂಲಕ್ಕೆ ಸೇರದ ಎರಡು ಅಥವಾ ಹೆಚ್ಚು ಭಾಷೆಗಳಲ್ಲಿ ಒಂದೇ ರೂಪದಲ್ಲಿದ್ದು ಬೇರೆ ಬೇರೆ ಅರ್ಥಗಳನ್ನು ಕೊಡುವ ಪದಗಳು. ಉದಾಹರಣೆಗೆ ‘ಹಾಯ್’ ಎಂಬ ಉಚ್ಚಾರಣೆಗೆ ಜಪಾನಿ ಭಾಷೆಯಲ್ಲಿ ‘ಹೌದು’ ಎಂದೂ, ಜರ್ಮನ್ ಭಾಷೆಯಲ್ಲಿ ‘ಶಾರ್ಕ್ ಮೀನು’ ಎಂದೂ ಅರ್ಥವಿದೆ. ಇಂಗ್ಲಿಷಿನಲ್ಲಿ ಅದು ಭೇಟಿಯಾದಾಗ ಆಡುವ ಮಾತು. ಕನ್ನಡದಲ್ಲಿ ‘ದಾಟು, ಇರಿ’ ಎಂಬ ಅರ್ಥದ ‘ಹಾಯು’ ಕ್ರಿಯಾಪದದ ಧಾತುವೂ ಇದೇ. ಈ ನಾಲ್ಕು ಪದಗಳ ನಡುವೆ ಚಾರಿತ್ರಿಕ ಸಂಬಂಧವೇನೂ ಇಲ್ಲ.

ಕನ್ನಡವು ದ್ರಾವಿಡ ಭಾಷಾ ಕುಟುಂಬಕ್ಕೆ ಸೇರಿದ್ದು, ಇಂಡೋ-ಯುರೋಪಿಯನ್ ಕುಟುಂಬದ ಸಂಸ್ಕೃತದಿಂದ ಅಪಾರ ಸಂಖ್ಯೆಯ ಪದಗಳನ್ನು ಸ್ವೀಕರಿಸಿದೆ. ಪ್ರಾಕೃತ, ಪಾರಸಿ, ಅರಬ್ಬಿ, ಮರಾಠಿ, ಹಿಂದೂಸ್ತಾನಿ, ಪೋರ್ಚುಗೀಸ್ ಮತ್ತು ಇಂಗ್ಲಿಷ್ ಭಾಷೆಗಳಿಂದಲೂ ಪದಗಳು ಬಂದಿವೆ. ಇವೆಲ್ಲವೂ ಒಂದೇ ಲಿಪಿಯಲ್ಲಿ ಬರೆಯಲ್ಪಡುವುದರಿಂದ, ಬೇರೆ ಬೇರೆ ಮೂಲದ ಸಮರೂಪ ಪದಗಳು ಕನ್ನಡದ ಒಂದೇ ಪುಟದಲ್ಲಿ ಎದುರಾಗುವುದು ಸಾಮಾನ್ಯ.

ಪರಿಭಾಷೆ

ಸಮರೂಪ ಪದ ಮತ್ತು ನಾನಾರ್ಥ ಪದ ಒಂದೇ ಅಲ್ಲ. ಒಂದೇ ಪದವು ಕಾಲಕ್ರಮದಲ್ಲಿ ಹಲವು ಅರ್ಥಗಳನ್ನು ಪಡೆದರೆ ಅದು ನಾನಾರ್ಥ ಪದ. ‘ತಲೆ’ ಎಂಬುದು ದೇಹದ ಅಂಗವನ್ನೂ, ‘ಮೂರು ತಲೆಗಳಿಂದ ಬಂದ ಆಸ್ತಿ’ ಎಂಬಲ್ಲಿ ತಲೆಮಾರನ್ನೂ ಸೂಚಿಸುತ್ತದೆ. ಎರಡೂ ಒಂದೇ ಪದದ ಅರ್ಥವಿಸ್ತಾರಗಳು. ಬೇರೆ ಬೇರೆ ಮೂಲದ ಎರಡು ಪದಗಳು ರೂಪದಲ್ಲಿ ಮಾತ್ರ ಹೊಂದಿಕೊಂಡರೆ ಅವು ಸಮರೂಪ ಪದಗಳು. ಈ ವ್ಯತ್ಯಾಸ ಪದಗಳ ಇಂದಿನ ರೂಪದಿಂದ ತಿಳಿಯುವುದಿಲ್ಲ. ಅವುಗಳ ಚರಿತ್ರೆಯಿಂದ ತಿಳಿಯುತ್ತದೆ.

ಮೂಲ ಒಂದೇ ಆಗಿದ್ದು ಅರ್ಥ ಮಾತ್ರ ಬದಲಾದ ಪದಗಳ ವರ್ಗವೂ ಬೇರೆ. ‘ಉಪನ್ಯಾಸ’ವು ಕನ್ನಡದಲ್ಲಿ ಭಾಷಣ, ಹಿಂದಿಯಲ್ಲಿ ಕಾದಂಬರಿ. ಕನ್ನಡದ ‘ಶಿಕ್ಷೆ’ ದಂಡನೆ, ಹಿಂದಿಯ ‘ಶಿಕ್ಷಾ’ ವಿದ್ಯಾಭ್ಯಾಸ. ‘ಅವಸರ’ವು ಕನ್ನಡದಲ್ಲಿ ಆತುರ, ಹಿಂದಿಯಲ್ಲಿ ಸದವಕಾಶ, ತೆಲುಗಿನಲ್ಲಿ (ಅವಸರಂ) ಅಗತ್ಯ. ಈ ಪದಗಳೆಲ್ಲ ಸಂಸ್ಕೃತದಿಂದಲೇ ಬಂದು ಬೇರೆ ಬೇರೆ ದಾರಿ ಹಿಡಿದಿವೆ. ಅನುವಾದಕರನ್ನು ದಾರಿ ತಪ್ಪಿಸುವ ಇಂಥ ಪದಗಳಿಗೆ ‘ಹುಸಿ ಮಿತ್ರರು’ ಎಂಬ ಅರ್ಥದ ಫ್ರೆಂಚ್ ಹೆಸರು ಪ್ರಚಾರದಲ್ಲಿದೆ. ಮ್ಯಾಕ್ಸಿಮ್ ಕೊಯೆಸ್ಲೆರ್ ಮತ್ತು ಜೂಲ್ ಡೆರೋಕಿನ್ಯಿ 1928ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಆ ಹೆಸರು ರೂಢಿಗೆ ಬಂದಿತು.

ಸಮರೂಪತೆಗೆ ಕಾರಣಗಳು

ಧ್ವನಿಗಳ ಮಿತಿ: ಯಾವುದೇ ಭಾಷೆ ಕೆಲವೇ ಹತ್ತು ಧ್ವನಿಗಳಿಂದ ಸಾವಿರಾರು ಪದಗಳನ್ನು ಕಟ್ಟುತ್ತದೆ. ಒಂದೆರಡು ಅಕ್ಷರಗಳ ಚಿಕ್ಕ ಪದಗಳಲ್ಲಿ ಸಾಧ್ಯವಿರುವ ಜೋಡಣೆಗಳು ಇನ್ನೂ ಕಡಿಮೆ. ಆದ್ದರಿಂದ ಯಾವ ಎರಡು ಭಾಷೆಗಳನ್ನು ಹೋಲಿಸಿದರೂ ಕೆಲವು ಚಿಕ್ಕ ಪದಗಳು ಹೊಂದಿಕೊಳ್ಳುತ್ತವೆ. ಪದ ಉದ್ದವಾದಂತೆ ಆಕಸ್ಮಿಕ ಸಾಮ್ಯ ವಿರಳವಾಗುತ್ತದೆ.

ಧ್ವನಿ ಬದಲಾವಣೆ: ಮೊದಲು ಬೇರೆ ಬೇರೆಯಾಗಿದ್ದ ರೂಪಗಳು ಉಚ್ಚಾರಣೆ ಬದಲಾದಾಗ ಒಂದಾಗಬಹುದು. ಹಳಗನ್ನಡದ ಅನೇಕ ಪದಗಳ ಆದಿಯ ‘ಪ’ಕಾರವು ಮುಂದೆ ‘ಹ’ಕಾರವಾಯಿತು: ಪಾಲ್–ಹಾಲು, ಪುಲಿ–ಹುಲಿ, ಪತ್ತು–ಹತ್ತು. ‘ಹರಿದುಹೋಗು’ ಎಂಬ ಅರ್ಥದ ‘ಪರಿ’ ಇದೇ ರೀತಿ ‘ಹರಿ’ಯಾಗಿ, ವಿಷ್ಣುವಾಚಕವಾದ ಸಂಸ್ಕೃತದ ‘ಹರಿ’ಯೊಡನೆ ಸಮರೂಪವಾಯಿತು. ಹಳಗನ್ನಡದ ಕವಿಗೆ ಇವು ಎರಡು ಬೇರೆ ರೂಪಗಳು; ಇಂದಿನ ಓದುಗನಿಗೆ ಒಂದೇ ರೂಪ.

ಅಕ್ಷರಗಳ ಲೋಪ: ಹಳಗನ್ನಡದಲ್ಲಿದ್ದ ‘ಱ’ ಮತ್ತು ‘ೞ’ ಅಕ್ಷರಗಳು ನಡುಗನ್ನಡದ ಕಾಲದಲ್ಲಿ ಬಳಕೆ ತಪ್ಪಿ, ಅವುಗಳ ಸ್ಥಾನದಲ್ಲಿ ‘ರ’ ಮತ್ತು ‘ಳ’ ನಿಂತವು. ‘ನಾಶವಾಗು’ ಎಂಬ ಅರ್ಥದ ‘ಅೞಿ’ ಇದರಿಂದ ‘ಅಳಿ’ಯಾಗಿ, ದುಂಬಿಯನ್ನು ಸೂಚಿಸುವ, ಸಂಸ್ಕೃತದ ‘ಅಲಿ’ಯಿಂದ ಬಂದ ‘ಅಳಿ’ಯ ಜೊತೆ ಸೇರಿಕೊಂಡಿತು. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ರಳ, ಕುಳ, ಕ್ಷಳಗಳೆಂಬ ಭೇದವನ್ನು ವಿವರಿಸಿದ್ದಾನೆ. ರಳ ಎಂದರೆ ‘ೞ’. ಕುಳ ಎಂದರೆ ಅಚ್ಚಗನ್ನಡದ ‘ಳ’. ಕ್ಷಳ ಎಂದರೆ ಸಂಸ್ಕೃತದ ‘ಲ’ಕಾರಕ್ಕೆ ಬದಲಾಗಿ ಬಂದ ‘ಳ’.

ಎರವಲು ಪದಗಳ ಹೊಂದಾಣಿಕೆ: ವ್ಯಂಜನಾಂತ ಪದಗಳಿಗೆ ಕನ್ನಡವು ಸಾಮಾನ್ಯವಾಗಿ ‘ಉ’ಕಾರವನ್ನು ಸೇರಿಸಿಕೊಳ್ಳುತ್ತದೆ. ಹಳಗನ್ನಡದ ‘ಊರ್’, ‘ಕಾಲ್’ಗಳು ‘ಊರು’, ‘ಕಾಲು’ಗಳಾದಂತೆ ಇಂಗ್ಲಿಷಿನ ‘ಕಾರ್’ ಕೂಡ ‘ಕಾರು’ ಆಯಿತು. ಹೀಗೆ ಹೊಸ ಪದವು ಹಳೆಯ ಪದದ ರೂಪವನ್ನೇ ತಾಳುತ್ತದೆ.

ಕನ್ನಡ ಮತ್ತು ಸಂಸ್ಕೃತ

ಕನ್ನಡದ ದೇಸಿ ಪದಗಳಿಗೂ ಸಂಸ್ಕೃತದಿಂದ ಬಂದ ತತ್ಸಮ ಪದಗಳಿಗೂ ನಡುವಿನ ಮುಖ್ಯ ಸಮರೂಪಗಳು ಇವು:

ಊರು: ಕನ್ನಡದಲ್ಲಿ ಗ್ರಾಮ, ಪಟ್ಟಣ, ಕ್ರಿಯಾಪದವಾಗಿ ನೆಡು, ಒತ್ತಿ ನಿಲ್ಲಿಸು. ಸಂಸ್ಕೃತದಲ್ಲಿ ತೊಡೆ. ಭಾಸನದೆಂದು ಹೇಳಲಾಗುವ ‘ಊರುಭಂಗ’ ನಾಟಕದ ವಸ್ತು ದುರ್ಯೋಧನನ ತೊಡೆ ಮುರಿದ ಪ್ರಸಂಗವೇ ಹೊರತು ಊರಿನ ನಾಶವಲ್ಲ. ರನ್ನನ ‘ಗದಾಯುದ್ಧ’ದ ಕಥೆಯೂ ಈ ಪ್ರಸಂಗವನ್ನೇ ಕೇಂದ್ರವಾಗಿ ಹೊಂದಿದೆ. ಊರ್ವಶಿಯು ನಾರಾಯಣ ಋಷಿಯ ಊರುವಿನಿಂದ ಹುಟ್ಟಿದಳೆಂಬ ಪುರಾಣಕಥೆಯಲ್ಲಿಯೂ ತೊಡೆ ಎಂಬುದೇ ಅರ್ಥ.

ಕರಿ: ಕನ್ನಡದಲ್ಲಿ ಕಪ್ಪು, ಕ್ರಿಯಾಪದವಾಗಿ ಎಣ್ಣೆಯಲ್ಲಿ ಬೇಯಿಸು. ಸಂಸ್ಕೃತದಲ್ಲಿ ಆನೆ, ಕರ ಎಂದರೆ ಕೈ, ಸೊಂಡಿಲೆಂಬ ಕೈಯುಳ್ಳದ್ದು ಕರಿ. ‘ಕರಿಮೆಣಸು’ ಕಪ್ಪು ಮೆಣಸು. ಗಣಪತಿಯ ಹೆಸರಾದ ‘ಕರಿಮುಖ’ಕ್ಕೆ ಆನೆಮೊಗದವನು ಎಂದರ್ಥ, ಕಪ್ಪು ಮೊಗದವನು ಎಂದಲ್ಲ.

ಅರಿ: ಕನ್ನಡದಲ್ಲಿ ತಿಳಿ (ಹಳಗನ್ನಡದಲ್ಲಿ ಅಱಿ) ಮತ್ತು ಕತ್ತರಿಸು. ಸಂಸ್ಕೃತದಲ್ಲಿ ಶತ್ರು. ‘ಅರಿವು’ ಮೊದಲನೆಯದರಿಂದ ಬಂದರೆ ‘ಅರಿಷಡ್ವರ್ಗ’ ಕೊನೆಯದರಿಂದ ಬಂದಿದೆ.

ಹರಿ: ಕನ್ನಡದಲ್ಲಿ ಪ್ರವಹಿಸು (ಪರಿ) ಮತ್ತು ಸೀಳು (ಪಱಿ). ಸಂಸ್ಕೃತದಲ್ಲಿ ವಿಷ್ಣು, ಸಿಂಹ, ಕುದುರೆ, ಕಪಿ ಮೊದಲಾದ ಅರ್ಥಗಳಿವೆ.

ಕಲಿ: ಕನ್ನಡದಲ್ಲಿ ಶೂರ, ಕ್ರಿಯಾಪದವಾಗಿ ಅಭ್ಯಾಸ ಮಾಡು. ಸಂಸ್ಕೃತದಲ್ಲಿ ನಾಲ್ಕನೆಯ ಯುಗ, ಆ ಯುಗದ ಪುರುಷ, ಕಲಹ. ‘ಕಲಿಭೀಮ’ನಲ್ಲಿ ಶೌರ್ಯವಿದೆ, ನಳನನ್ನು ಹೊಕ್ಕು ಕಾಡಿದ ‘ಕಲಿಪುರುಷ’ನಲ್ಲಿ ಆ ಅರ್ಥವಿಲ್ಲ.

ಕವಿ: ಕನ್ನಡದಲ್ಲಿ ಮುಸುಕು, ಆವರಿಸು (ಮೋಡ ಕವಿಯಿತು). ಸಂಸ್ಕೃತದಲ್ಲಿ ಕಾವ್ಯ ರಚಿಸುವವನು.

ತರು: ಕನ್ನಡದಲ್ಲಿ ತೆಗೆದುಕೊಂಡು ಬರುವ ಕ್ರಿಯೆ. ಸಂಸ್ಕೃತದಲ್ಲಿ ಮರ (ತರುಲತೆ, ಕಲ್ಪತರು).

ಹಲ: ಕನ್ನಡದಲ್ಲಿ ಅನೇಕ (ಪಲ–ಹಲ–ಹಲವು). ಸಂಸ್ಕೃತದಲ್ಲಿ ನೇಗಿಲು. ಬಲರಾಮನಿಗೆ ‘ಹಲಾಯುಧ’, ‘ಹಲಧರ’ ಎಂಬ ಹೆಸರುಗಳು ಬಂದದ್ದು ಅವನ ನೇಗಿಲಿನಿಂದ.

ನರ: ಕನ್ನಡದಲ್ಲಿ ದೇಹದ ನಾಡಿತಂತು, ತಮಿಳಿನ ‘ನರಂಬು’ ಇದರ ಜ್ಞಾತಿಪದ. ಸಂಸ್ಕೃತದಲ್ಲಿ ಮನುಷ್ಯ.

ಗಂಡ: ಕನ್ನಡದಲ್ಲಿ ಪತಿ, ಹಳಗನ್ನಡದಲ್ಲಿ ಶೂರ. ಸಂಸ್ಕೃತದಲ್ಲಿ ಕೆನ್ನೆ; ಆನೆಯ ‘ಗಂಡಸ್ಥಲ’ದಲ್ಲಿ ಈ ಅರ್ಥವಿದೆ.

ಅರ್ಥನಿರ್ಣಯದ ದಾರಿಗಳು

ವಿಭಕ್ತಿ ರೂಪ: ಪ್ರಥಮೆಯಲ್ಲಿ ಒಂದೇ ಆಗಿ ಕಾಣುವ ಪದಗಳು ಪ್ರತ್ಯಯ ಹತ್ತಿದಾಗ ಹಲವು ವೇಳೆ ಬೇರೆಯಾಗುತ್ತವೆ. ಗ್ರಾಮವಾಚಕ ‘ಊರು’ವಿನ ಕೊನೆಯ ಉಕಾರ ಉಚ್ಚಾರಣೆಗಾಗಿ ಸೇರಿದ್ದು, ಅದು ಪ್ರತ್ಯಯದ ಮುಂದೆ ಲೋಪವಾಗಿ ಊರನ್ನು, ಊರಿಗೆ, ಊರಿನ ಎಂದಾಗುತ್ತದೆ. ತೊಡೆಯೆಂಬ ಅರ್ಥದ ‘ಊರು’ವಿನ ಉಕಾರ ಪದದ್ದೇ ಆದ್ದರಿಂದ, ‘ಗುರು’ ಪದದಂತೆ, ಊರುವನ್ನು, ಊರುವಿಗೆ, ಊರುವಿನ ಎಂದಾಗುತ್ತದೆ. ಲಿಂಗ ಬೇರೆಯಾದರೂ ರೂಪ ಬೇರೆಯಾಗುತ್ತದೆ: ಮನುಷ್ಯನಾದರೆ ನರನಿಗೆ, ನರರು, ನಾಡಿತಂತುವಾದರೆ ನರಕ್ಕೆ, ನರಗಳು.

ಪದವರ್ಗ: ಸಮರೂಪಗಳಲ್ಲಿ ಒಂದು ಕ್ರಿಯಾಪದ, ಇನ್ನೊಂದು ನಾಮಪದವಾದಾಗ ಗೊಂದಲ ಕಡಿಮೆ. ‘ಕತ್ತಲೆ ಕವಿಯಿತು’ ಎಂಬಲ್ಲಿ ಕಾವ್ಯಕರ್ತನ ನೆನಪು ಯಾರಿಗೂ ಬರುವುದಿಲ್ಲ.

ಸಮಾಸ: ಸಂಸ್ಕೃತ ಪದವನ್ನು ಕನ್ನಡ ಪದದೊಡನೆ ಸೇರಿಸಿ ಸಮಾಸ ಮಾಡಬಾರದೆಂಬುದು ಹಳೆಯ ನಿಯಮ. 9ನೇ ಶತಮಾನದ ‘ಕವಿರಾಜಮಾರ್ಗ’ದಲ್ಲಿಯೇ ಇಂಥ ಬೆರಕೆಗೆ ಆಕ್ಷೇಪವಿದೆ. ಗಮಕ ಸಮಾಸ, ಕ್ರಿಯಾ ಸಮಾಸ, ಬಿರುದಾವಳಿ ಮೊದಲಾದ ಕಡೆ ಮಾತ್ರ ವಿನಾಯಿತಿ ಇದೆ. ನಿಯಮ ಮೀರಿದ ಸಮಾಸಕ್ಕೆ ‘ಅರಿಸಮಾಸ’ ಎಂದು ಹೆಸರು; ಈ ಹೆಸರಿನ ‘ಅರಿ’ ಕೂಡ ಸಮರೂಪ ಪದವೇ, ಇಲ್ಲಿ ಅದರ ಅರ್ಥ ಶತ್ರು. ನಿಯಮದ ಪ್ರಕಾರ ಸಮಾಸದ ಒಂದು ಪದದ ಮೂಲ ತಿಳಿದರೆ ಇನ್ನೊಂದರದ್ದೂ ತಿಳಿಯುತ್ತದೆ: ‘ನರಪತಿ’ಯಲ್ಲಿ ‘ಪತಿ’ ಸಂಸ್ಕೃತವಾದ್ದರಿಂದ ‘ನರ’ವೂ ಸಂಸ್ಕೃತ.

ಆದರೆ ಆಧುನಿಕ ಪಾರಿಭಾಷಿಕ ಪದಗಳಿಗೆ ಈ ಆಧಾರ ಸಾಲದು. ‘ನರಮಂಡಲ’, ‘ನರವ್ಯೂಹ’, ‘ನರರೋಗ’ಗಳಲ್ಲಿ ಕನ್ನಡದ ‘ನರ’ಕ್ಕೆ ಸಂಸ್ಕೃತ ಪದ ಸೇರಿದೆ. ಹಳೆಯ ನಿಯಮದಂತೆ ಓದಿದರೆ ‘ನರಮಂಡಲ’ ಎಂದರೆ ಮನುಷ್ಯರ ಗುಂಪು ಎಂದಾಗಬೇಕು. ಇಲ್ಲಿ ಅರ್ಥ ನಿಶ್ಚಯವಾಗುವುದು ರೂಢಿಯಿಂದ ಮತ್ತು ಸಂದರ್ಭದಿಂದ.

ಇತರ ಭಾಷೆಗಳ ಎರವಲು ಪದಗಳು

ಆಡಳಿತ, ವ್ಯಾಪಾರ ಮತ್ತು ತಂತ್ರಜ್ಞಾನದ ಮೂಲಕ ಬಂದ ಪದಗಳೂ ದೇಸಿ ಪದಗಳೊಡನೆ ಸಮರೂಪವಾಗಿವೆ.

ಸಾಲು: ದೇಸಿ ಪದವಾಗಿ ಪಂಕ್ತಿ, ಕ್ರಿಯಾಪದವಾಗಿ ಸಾಕಾಗು (ಹಣ ಸಾಲದು). ಆಯವ್ಯಯ ಪತ್ರದಲ್ಲಿ ‘2024–25ನೇ ಸಾಲಿನ’ ಎಂದು ಬರೆಯುವಾಗ ಅದು ವರ್ಷ ಎಂಬ ಅರ್ಥದ ಪಾರಸಿಯ ‘ಸಾಲ್’.

ಜಾರಿ: ದೇಸಿ ಪದವಾಗಿ ‘ಜಾರು’ ಕ್ರಿಯಾಪದದ ರೂಪ (ಕಾಲು ಜಾರಿ ಬಿದ್ದನು). ‘ಕಾನೂನು ಜಾರಿಗೆ ಬಂದಿತು’ ಎಂಬಲ್ಲಿ ‘ಹರಿಯುತ್ತಿರುವ, ನಡೆಯುತ್ತಿರುವ’ ಎಂಬ ಅರ್ಥದ ಅರಬ್ಬಿ ಪದ.

ಸೇರು: ದೇಸಿ ಪದವಾಗಿ ಕೂಡು, ತಲುಪು. ಅಳತೆಯಾದ ‘ಸೇರು’ ಉತ್ತರದ ಭಾಷೆಗಳ ‘ಸೇರ್’ನಿಂದ ಬಂದಿದೆ.

ಕಾರು: ದೇಸಿ ಪದವಾಗಿ ಹೊರಚೆಲ್ಲು, ಕಕ್ಕು (ಬೆಂಕಿ ಕಾರು). ಮಳೆಗಾಲವನ್ನು ಸೂಚಿಸುವ ‘ಕಾರ್’ ಎಂಬ ಇನ್ನೊಂದು ಪದ ‘ಮುಂಗಾರು’, ‘ಹಿಂಗಾರು’ಗಳಲ್ಲಿ ಉಳಿದಿದೆ. ವಾಹನದ ಹೆಸರು ಇಂಗ್ಲಿಷಿನಿಂದ ಬಂದದ್ದು.

ಎರವಲಾಗಿ ಬಾರದೆ ನೆರೆಯ ಭಾಷೆಯಲ್ಲಿಯೇ ಇರುವ ಸಮರೂಪಗಳೂ ಉಂಟು. ಕನ್ನಡದ ‘ಬಾಯಿ’ ಮುಖದ ಅಂಗವಾದರೆ ಮರಾಠಿಯ ‘ಬಾಈ’ ಹೆಂಗಸು ಅಥವಾ ಗೌರವಸೂಚಕ ಪದ. ಲಕ್ಷ್ಮೀಬಾಯಿ, ಅಹಲ್ಯಾಬಾಯಿ ಎಂಬ ಹೆಸರುಗಳಲ್ಲಿ ಅದೇ ಇದೆ. ಹಳಗನ್ನಡದ ‘ಪುಲ್’ ಹುಲ್ಲು. ಹಿಂದಿಯ ‘ಪುಲ್’ ಸೇತುವೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಮನೆ’ಯು ‘ಮನಿ’ಯಾಗುತ್ತದೆ, ಇಂಗ್ಲಿಷಿನ ‘ಮನಿ’ ಹಣ. ಹಿಂದಿಯಲ್ಲಿ ‘ಬರುವ’ ಎಂಬ ಅರ್ಥದ ‘ಆನೇ’ ಪದವು ಕನ್ನಡದ ‘ಆನೆ’ಗೆ ಹತ್ತಿರವಾದರೂ ಅದರ ಕೊನೆಯ ಸ್ವರ ದೀರ್ಘ. ಕನ್ನಡದಲ್ಲಿ ಎ ಮತ್ತು ಏ ಬೇರೆ ಬೇರೆ ಸ್ವರಗಳಾಗಿದ್ದು, ಹಿಂದಿಯ ಬರಹದಲ್ಲಿ ಈ ಭೇದವಿಲ್ಲದಿರುವುದರಿಂದ ಹೆಸರುಗಳ ಲಿಪ್ಯಂತರದಲ್ಲಿ ಇಂಥ ಪದಗಳು ಒಂದೇ ಆಗಿ ಕಾಣಬಹುದು.

ತೊದಲ್ನುಡಿಯ ಪದಗಳು

ತಂದೆತಾಯಿಯರನ್ನೂ ಸಮೀಪ ಬಂಧುಗಳನ್ನೂ ಕರೆಯುವ ಪದಗಳಲ್ಲಿನ ಸಮರೂಪತೆ ಕೇವಲ ಆಕಸ್ಮಿಕವಲ್ಲ. ಶಿಶುಗಳು ಮೊದಲು ಉಚ್ಚರಿಸುವ ಧ್ವನಿಗಳಲ್ಲಿ ಮ, ಪ, ಬ, ತ, ದ ಮುಖ್ಯವಾದವು. ಅವು ‘ಅ’ಕಾರದೊಡನೆ ಸೇರಿ ಪುನರಾವರ್ತನೆಯಾಗುತ್ತವೆ. ಆ ತೊದಲು ತನ್ನನ್ನು ಕುರಿತದ್ದೆಂದು ಭಾವಿಸುವ ಹಿರಿಯರು ಅದಕ್ಕೆ ಅರ್ಥವನ್ನು ಕೊಡುತ್ತಾರೆ. ಭಾಷಾವಿಜ್ಞಾನಿ ರೋಮನ್ ಯಾಕೊಬ್ಸನ್ 1960ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಈ ವಿಷಯವನ್ನು ವಿವೇಚಿಸಿದ್ದಾನೆ.

ಹೀಗೆ ರೂಪಗಳು ಎಲ್ಲೆಡೆ ಒಂದೇ ತೆರನಾಗಿದ್ದರೂ ಅರ್ಥ ಒಂದೇ ಆಗಬೇಕಿಲ್ಲ. ‘ಮಾಮಾ’ ಎಂಬುದು ಯುರೋಪಿನ ಹಲವು ಭಾಷೆಗಳಲ್ಲಿ ತಾಯಿ, ಭಾರತದ ಹಲವು ಭಾಷೆಗಳಲ್ಲಿ ಸೋದರಮಾವ. ಕಾಕಸಸ್ ಪ್ರದೇಶದ ಜಾರ್ಜಿಯನ್ ಭಾಷೆಯಲ್ಲಿ ‘ಮಾಮಾ’ ಎಂದರೆ ತಂದೆ, ‘ದೆದಾ’ ಎಂದರೆ ತಾಯಿ. ಕನ್ನಡದ ‘ತಾತ’ ಅಜ್ಜ. ಪೋಲಿಷ್ ಭಾಷೆಯ ‘ತಾತಾ’ ತಂದೆ. ಹಳಗನ್ನಡದ ‘ಅಬ್ಬೆ’ ತಾಯಿ. ಉರ್ದುವಿನ ‘ಅಬ್ಬಾ’ ತಂದೆ.

ರೂಪವೂ ಅರ್ಥವೂ ಹೊಂದಿದಾಗ

ಬಾಂಧವ್ಯವಿಲ್ಲದ ಭಾಷೆಗಳಲ್ಲಿ ಪದದ ರೂಪ ಮಾತ್ರವಲ್ಲದೆ ಅರ್ಥವೂ ಆಕಸ್ಮಿಕವಾಗಿ ಹೊಂದಿಕೊಳ್ಳುವುದುಂಟು. ಇದರ ಪ್ರಸಿದ್ಧ ಉದಾಹರಣೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದ ಅಂಬಾಬರಂ ಭಾಷೆ. ಭಾಷಾವಿಜ್ಞಾನಿ ಆರ್. ಎಂ. ಡಬ್ಲ್ಯು. ಡಿಕ್ಸನ್ 1960ರ ದಶಕದಲ್ಲಿ ಇದನ್ನು ದಾಖಲಿಸುವಾಗ, ನಾಯಿಗೆ ಈ ಭಾಷೆಯಲ್ಲಿ ‘ಡಾಗ್’ ಎಂದೇ ಹೆಸರಿರುವುದು ತಿಳಿದುಬಂದಿತು. ಅದು ಇಂಗ್ಲಿಷಿನ ಎರವಲಲ್ಲ. ಆ ಪ್ರದೇಶದ ಭಾಷೆಗಳಲ್ಲಿರುವ ‘ಗುಡಗ’ ಎಂಬಂಥ ಹಳೆಯ ರೂಪವು, ಆ ಭಾಷೆಯ ನಿಯಮಬದ್ಧ ಧ್ವನಿ ಬದಲಾವಣೆಗಳಿಂದ ಮೊದಲ ಅಕ್ಷರವನ್ನೂ ಕೊನೆಯ ಸ್ವರವನ್ನೂ ಕಳೆದುಕೊಂಡು ಹಾಗಾಗಿದೆ. ಪಾರಸಿಯಲ್ಲಿ ‘ಕೆಟ್ಟ’ ಎಂಬ ಅರ್ಥದ ‘ಬದ್’ (ಕನ್ನಡದ ‘ಬದ್ಮಾಷ್’ ಪದದಲ್ಲಿರುವುದು) ಮತ್ತು ಅದೇ ಅರ್ಥದ ಇಂಗ್ಲಿಷ್ ಪದ ‘ಬ್ಯಾಡ್’ ಕೂಡ ಇಂಥದೇ ಜೋಡಿ. ಈ ಎರಡು ಭಾಷೆಗಳು ಒಂದೇ ಕುಟುಂಬದವಾದರೂ ಈ ಎರಡು ಪದಗಳಿಗೆ ಸಂಬಂಧವಿಲ್ಲ.

‘ಊರು’ ಪದಕ್ಕೂ ಇಂಥ ಸಾಮ್ಯಗಳಿವೆ. ಪ್ರಾಚೀನ ಮೆಸೊಪೊಟೇಮಿಯಾದ ಸುಮೇರಿಯನ್ ಭಾಷೆಯಲ್ಲಿ ಪಟ್ಟಣಕ್ಕೆ ‘ಉರು’ ಅಥವಾ ‘ಇರಿ’ ಎಂದೂ, ಸ್ಪೇನ್ ಮತ್ತು ಫ್ರಾನ್ಸ್ ಗಡಿಯ ಬಾಸ್ಕ್ ಭಾಷೆಯಲ್ಲಿ ‘ಹಿರಿ’ ಅಥವಾ ‘ಉರಿ’ ಎಂದೂ ಹೆಸರು. ಅದೇ ಉಚ್ಚಾರಣೆಗೆ ಹತ್ತಿರವಾದ ಜರ್ಮನ್ ಭಾಷೆಯ ‘ಊರ್’ ಪದದ ಅರ್ಥ ಗಡಿಯಾರ. ಅದು ಲ್ಯಾಟಿನ್ನಿನ ‘ಹೋರಾ’ದಿಂದ ಬಂದದ್ದು. ಅರ್ಥ ಬೇರೆಯಾದ ಜರ್ಮನ್ ಪದವನ್ನು ಓದುಗರು ಸುಲಭವಾಗಿ ಆಕಸ್ಮಿಕವೆಂದು ಬಿಟ್ಟುಬಿಡುತ್ತಾರೆ. ಅರ್ಥ ಹೊಂದಿದ ಸುಮೇರಿಯನ್ ಪದವನ್ನು ನೆಂಟಸ್ತಿಕೆಯ ಸಾಕ್ಷಿಯೆಂದು ಭಾವಿಸುತ್ತಾರೆ. ಒಂದೇ ಪದದ ಸಾಮ್ಯವು ಎರಡೂ ಸಂದರ್ಭಗಳಲ್ಲಿ ಸಮಾನವಾಗಿ ದುರ್ಬಲ ಸಾಕ್ಷಿ. ಸುಮೇರಿಯನ್ ಮತ್ತು ಬಾಸ್ಕ್ ಎರಡನ್ನೂ ವಿದ್ವಾಂಸರು ಯಾವ ಕುಟುಂಬಕ್ಕೂ ಸೇರದ ಒಂಟಿ ಭಾಷೆಗಳೆಂದು ಪರಿಗಣಿಸುತ್ತಾರೆ.

ಭಾಷಾ ಬಾಂಧವ್ಯದ ನಿರ್ಣಯ

ಎರಡು ಭಾಷೆಗಳು ಸಂಬಂಧಿಗಳೆಂದು ಹೇಳಲು ಬೇಕಾದದ್ದು ಬಿಡಿ ಪದಗಳ ಹೋಲಿಕೆಯಲ್ಲ, ಮತ್ತೆ ಮತ್ತೆ ಕಾಣಿಸುವ ನಿಯಮಬದ್ಧ ಧ್ವನಿ ಸಂವಾದ. ತಮಿಳಿನ ಪಾಲ್, ಪುಲಿ, ಪಲ್, ಪಾಂಬು, ಪತ್ತು ಪದಗಳಿಗೆ ಕನ್ನಡದಲ್ಲಿ ಕ್ರಮವಾಗಿ ಹಾಲು, ಹುಲಿ, ಹಲ್ಲು, ಹಾವು, ಹತ್ತು ಎಂಬ ರೂಪಗಳಿವೆ. ಇಲ್ಲಿ ಮುಖ್ಯವಾದದ್ದು ಪದಗಳು ಒಂದೇ ರೀತಿ ಕೇಳಿಸುವುದಲ್ಲ. ಒಂದರ ‘ಪ’ಕಾರಕ್ಕೆ ಇನ್ನೊಂದರಲ್ಲಿ ‘ಹ’ಕಾರ ಕ್ರಮವಾಗಿ ಬರುವುದು. ದಕ್ಷಿಣ ಭಾರತದ ಭಾಷೆಗಳು ಸಂಸ್ಕೃತಜನ್ಯವಲ್ಲ, ಬೇರೆಯೇ ಒಂದು ಕುಟುಂಬಕ್ಕೆ ಸೇರಿದವು ಎಂಬುದನ್ನು ಫ್ರಾನ್ಸಿಸ್ ವೈಟ್ ಎಲ್ಲಿಸ್ 1816ರಲ್ಲಿ ಪ್ರತಿಪಾದಿಸಿದನು. ರಾಬರ್ಟ್ ಕಾಲ್ಡ್‌ವೆಲ್ 1856ರ ತನ್ನ ತೌಲನಿಕ ವ್ಯಾಕರಣದಲ್ಲಿ ಅದನ್ನು ವಿಸ್ತಾರವಾಗಿ ನಿರೂಪಿಸಿದನು.

ಕೇಳಲು ಸಮಾನವಾದದ್ದು ಸಂಬಂಧವಿಲ್ಲದ್ದೂ, ಕೇಳಲು ಭಿನ್ನವಾದದ್ದು ಸಂಬಂಧವುಳ್ಳದ್ದೂ ಆಗಿರಬಹುದು. ಆರ್ಮೇನಿಯನ್ ಭಾಷೆಯಲ್ಲಿ 2 ಎಂಬ ಸಂಖ್ಯೆಗೆ ‘ಎರ್ಕು’ ಎನ್ನುತ್ತಾರೆ. ಕಿವಿಗೆ ಅದು ಕನ್ನಡದ ‘ಎರಡು’ ಪದಕ್ಕೆ ಹತ್ತಿರ; ವಾಸ್ತವದಲ್ಲಿ ಅದು ಸಂಸ್ಕೃತದ ‘ದ್ವಿ’ ಮತ್ತು ಇಂಗ್ಲಿಷಿನ ‘ಟೂ’ ಪದಗಳ ಜ್ಞಾತಿ.

ತೋರಿಕೆಯ ಹೋಲಿಕೆಯಿಂದ ಪದಕ್ಕೆ ಮೂಲ ಕಲ್ಪಿಸುವುದನ್ನು ಜಾನಪದ ನಿಷ್ಪತ್ತಿ ಎನ್ನುತ್ತಾರೆ. ಸ್ಥಳನಾಮಗಳ ಕಥೆಗಳಲ್ಲಿ ಇದು ಹೆಚ್ಚು. ಜನರ ಕಲ್ಪನೆಯನ್ನು ತಿಳಿಯಲು ಇಂಥ ಕಥೆಗಳು ಉಪಯುಕ್ತ. ಆದರೆ ವಲಸೆ, ಜನಾಂಗ, ಪ್ರಾಚೀನತೆಗಳ ವಾದಗಳಿಗೆ ಅವನ್ನೇ ಆಧಾರ ಮಾಡಿಕೊಂಡಾಗ ಚರಿತ್ರೆ ತಪ್ಪು ದಾರಿ ಹಿಡಿಯುತ್ತದೆ.

ಸಾಹಿತ್ಯ ಮತ್ತು ಬಳಕೆ

ಓದುಗನಿಗೆ ತೊಡಕಾದ ಸಮರೂಪತೆಯೇ ಕವಿಗೆ ಸಾಧನವಾಗಿದೆ. ಒಂದೇ ಶಬ್ದದಿಂದ ಎರಡು ಅರ್ಥಗಳನ್ನು ಹೊರಡಿಸುವ ಶ್ಲೇಷಾಲಂಕಾರಕ್ಕೆ ಕನ್ನಡದಲ್ಲಿ ದೇಸಿ ಮತ್ತು ತತ್ಸಮ ಪದಗಳೆರಡೂ ಒದಗುತ್ತವೆ. ಎರಡು ಭಾಷೆಗಳಲ್ಲಿ ಎರಡು ಅರ್ಥ ಕೊಡುವ ರಚನೆಗೆ ಅಲಂಕಾರಶಾಸ್ತ್ರದಲ್ಲಿ ‘ಭಾಷಾಶ್ಲೇಷ’ ಎಂಬ ಹೆಸರಿದ್ದು, ರುದ್ರಟನ ‘ಕಾವ್ಯಾಲಂಕಾರ’ (9ನೇ ಶತಮಾನ) ಅದನ್ನು ಚರ್ಚಿಸುತ್ತದೆ.

ನಿಘಂಟುಗಳಲ್ಲಿ ನಾನಾರ್ಥ ಪದಕ್ಕೆ ಒಂದೇ ಉಲ್ಲೇಖವನ್ನೂ, ಸಮರೂಪ ಪದಗಳಿಗೆ ಪ್ರತ್ಯೇಕ ಉಲ್ಲೇಖಗಳನ್ನೂ ಕೊಡುವುದು ಪದ್ಧತಿ. ಮೂಲಭಾಷೆಯ ಸೂಚನೆಯೂ ಇರುವುದರಿಂದ, ಹಳೆಯ ಕಾವ್ಯವನ್ನು ಓದುವವರು ಮೊದಲು ಕಂಡ ಅರ್ಥಕ್ಕೇ ನಿಲ್ಲದೆ ಎಲ್ಲ ಉಲ್ಲೇಖಗಳನ್ನೂ ನೋಡಬೇಕಾಗುತ್ತದೆ. ಗಣಕಯಂತ್ರದ ಮೂಲಕ ನಡೆಯುವ ಹುಡುಕಾಟ ಮತ್ತು ಅನುವಾದಗಳಲ್ಲಿಯೂ ಇದೇ ಸಮಸ್ಯೆ ಇದೆ. ‘ಕರಿ’, ‘ಸಾಲು’, ‘ಜಾರಿ’ ಎಂಬಂಥ ಪದಗಳ ಅರ್ಥವನ್ನು ಅಕ್ಷರಗಳಿಂದಲೇ ನಿರ್ಧರಿಸಲು ಬರುವುದಿಲ್ಲ. ಅಕ್ಕಪಕ್ಕದ ಪದಗಳನ್ನೂ ಪ್ರತ್ಯಯಗಳನ್ನೂ ಪರಿಗಣಿಸಬೇಕಾಗುತ್ತದೆ.